ಅರ್ಧ ಮರಕ್ಕೆ ಮದ್ದು

ಫೆಬ್ರವರಿ 9

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳು ನೋಡಿ, ಮತ್ತೊಮ್ಮೆ ತುಂಬಿ ನೋಡಿ, "ಯಾರ ಮೇಲಮ್ಮ ಇಷ್ಟು ಕೋಪ?" ಎಂದು ಕೇಳಿದರು. ಯಾರ ಮೇಲೂ ಇಲ್ಲ ಎಂದೆ. ಯಂತ್ರ ಬೇರೆ ಹೇಳ್ತಿದೆಯಲ್ಲ ಎಂದರು. ಬೈಯಬೇಕು ಅನಿಸಿದಾಗಲೆಲ್ಲ ಬರೆದುಬಿಡಿ, ಎದೆ ಹಗುರಾಗುತ್ತೆ, ಮಾತ್ರೆ ವಿಷಯ ಆಮೇಲೆ ನೋಡೋಣ ಎಂದು ಕಳಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಅಂಗಡಿಯವನ ವಿಷಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಅವನಿಗೋಸ್ಕರ ಖರ್ಚು ಮಾಡುವಷ್ಟು ಶಾಯಿ ಬಿಟ್ಟಿ ಬಿದ್ದಿಲ್ಲ.

ಆದರೂ ಇಷ್ಟು ಬರೆಯದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಅವನು ನನ್ನ ತಮ್ಮ. ಅಪ್ಪ ಕಟ್ಟಿದ ಕಟಿಂಗ್ ಶಾಪಿನ ನಡುವೆ ಗೋಡೆ ಎಬ್ಬಿಸಿ, ಒಂದನ್ನು ಎರಡು ಮಾಡಿಕೊಂಡಿದ್ದೇವೆ. ಅಪ್ಪನ ಕುರ್ಚಿ ಅವನಿಗೆ ಹೋಯಿತು, ಅಪ್ಪನ ಕನ್ನಡಿ ನನಗೆ ಬಂತು. ಗಿರಾಕಿಗಳೂ ಹಾಗೇ ಪಾಲಾದರು. ಬೆನ್ನುನೋವಿನವರೆಲ್ಲ ಅವನ ಕಡೆ, ಮುಖ ನೋಡಿಕೊಳ್ಳುವ ಆಸೆ ಇರುವವರೆಲ್ಲ ನನ್ನ ಕಡೆ. ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ಕಳೆದ ವರ್ಷ ಅವನು ಬಾಗಿಲ ಮೇಲೆ ಒಂದು ಬೋರ್ಡು ತೂಗುಹಾಕಿದ: 'ಇಲ್ಲಿ ನುರಿತವರು ಮಾತ್ರ ಕತ್ತರಿ ಹಿಡಿಯುತ್ತಾರೆ.' ಆ 'ಮಾತ್ರ' ಯಾರನ್ನು ಕುರಿತದ್ದು? ಇಲ್ಲಿ ಎಂದರೆ ಎಲ್ಲಿ ಅಲ್ಲ? ಅವನಿಗೆ ಕತ್ತರಿ ಹಿಡಿಯಲು ಕಲಿಸಿದವಳು ನಾನು. ಮೊದಲ ಸಲ ಹಿಡಿದಾಗ ಗಿರಾಕಿಯ ಕಿವಿ ಉಳಿಸಿದವಳೂ ನಾನೇ.

ಅಂದಿನಿಂದ ಮಾತು ಬಿಟ್ಟಿದ್ದೇನೆ.

ಎದೆ ಹಗುರಾಗಲಿಲ್ಲ.

ಫೆಬ್ರವರಿ 12

ಅಂಗಳದ ನಡುವೆ ಪೈನ್ ಮರವಿದೆ. ಬಾಚಣಿಗೆಯಿಂದ ಹಿಡಿದು ಬಕೆಟ್‌ವರೆಗೆ ಎಲ್ಲವನ್ನೂ ಹಂಚಿಕೊಂಡಾಗ ಅದೊಂದು ಹಂಚಿಹೋಗಲಿಲ್ಲ. ಗೆರೆ ನೇರವಾಗಿ ಬುಡದ ಮೇಲೇ ಬಿತ್ತು. ಎಡಗಡೆಯ ಕೊಂಬೆಗಳು ನನ್ನವು, ಬಲಗಡೆಯವು ಅವನವು ಎಂದಾಯಿತು. ಬುಡದ ಕಲ್ಲುಬೆಂಚು ಕಾಯುವ ಗಿರಾಕಿಗಳದ್ದು, ಅಂದರೆ ಮೀಸೆ ಮಾಮನದು.

ಮೀಸೆ ಮಾಮ ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದವರು. ಈಗ ನಿವೃತ್ತರು. ಬಿಳಿ ಮೀಸೆ ಎರಡೂ ಕಿವಿಯ ಕಡೆಗೆ ಹೊರಟಿದೆ. ಆ ಮೀಸೆಯನ್ನು ಅಪ್ಪ ಒಬ್ಬರೇ ಮುಟ್ಟುತ್ತಿದ್ದದ್ದು. ಅಪ್ಪ ಹೋದ ಮೇಲೆ ಅಕ್ಕನ ಹತ್ತಿರ ಹೋಗುವುದೋ ತಮ್ಮನ ಹತ್ತಿರ ಹೋಗುವುದೋ ತೀರ್ಮಾನಿಸಲಾಗದೆ, ದಿನಾ ಬೆಳಿಗ್ಗೆ ಬಂದು ಬೆಂಚಿನ ಮೇಲೆ ಪೇಪರ್ ಓದಿ, ಊಟದ ಹೊತ್ತಿಗೆ ಮೀಸೆ ಸಮೇತ ಮನೆಗೆ ಹೋಗುತ್ತಾರೆ.

ಇವತ್ತು ಪೇಪರ್ ಕೊಡವಿದರು. ಅದರಿಂದ ಕಂದು ಬಣ್ಣದ ಸೂಜಿ ಎಲೆಗಳು ಸುರಿದವು.

"ಏನಮ್ಮಾ, ಕಟಿಂಗ್ ಶಾಪ್ ಮುಂದಿನ ಮರಾನೇ ಬೋಳಾಗ್ತಿದೆ. ಕೂದಲು ಉದುರೋದಕ್ಕೆ ನಿಮ್ಮಲ್ಲಿ ಎಣ್ಣೆ ಇದೆ ಅಂದ್ರೆ ಜನ ಹೆಂಗೆ ನಂಬ್ತಾರೆ?"

ಹೊರಗೆ ಬಂದು ನೋಡಿದೆ. ಕೆಳಗಿನ ಕೊಂಬೆಗಳು ಬೆಂಕಿಯ ಉರಿ ತಗುಲಿದ ಹಾಗೆ ಕಂದಿವೆ. ಕೈಯಾಡಿಸಿದರೆ ಎಲೆ ಕೈಗೇ ಬರುತ್ತದೆ. ನನ್ನ ಕಡೆ ಹೆಚ್ಚು, ಅವನ ಕಡೆ ಸ್ವಲ್ಪ ಕಡಿಮೆ. ಇದು ನನಗೆ ಸರಿಬರಲಿಲ್ಲ.

ಫೆಬ್ರವರಿ 13

ಅವನು ಹೊರಗೆ ಬಂದು ಮರ ನೋಡಿದ. ನಾನು ಹೊರಗೆ ಬಂದು ರಸ್ತೆ ನೋಡಿದೆ.

ಫೆಬ್ರವರಿ 17

ಮೇಲಿನ ಮನೆಯಲ್ಲಿ ಅಮ್ಮ ಮತ್ತು ನಾನು ಇರುತ್ತೇವೆ. ಅವನೂ ಅವನ ಹೆಂಡತಿಯೂ ಎರಡು ಬೀದಿ ಆಚೆ. ಅಮ್ಮ ಬೆಳಿಗ್ಗೆ ಇಳಿದು ಅವನ ಅಂಗಡಿಯಲ್ಲಿ ಚಹಾ ಕುಡಿದು ಬರುತ್ತಾಳೆ. ಜೊತೆಗೆ ಅಂಚೆ ತರುತ್ತಾಳೆ.

"ನೀನು ಸೋಪಿನ ನೀರು ಬುಡಕ್ಕೆ ಚೆಲ್ಲಿದ್ದಕ್ಕೇ ಹಿಂಗಾಯ್ತು ಅಂತಾನೆ."

"ಅವನು ತಲೆಗೆ ಹಚ್ಚೋ ಬಣ್ಣ ತೊಳೆದ ನೀರು ಅಮೃತವಾ ಅಂತ ಕೇಳು."

ಅಮ್ಮ ಇಳಿದಳು. ಅಮ್ಮ ಹತ್ತಿದಳು.

"ಬಣ್ಣದ ನೀರು ಮೋರಿಗೆ ಹೋಗುತ್ತಂತೆ. ಬೇಕಾದ್ರೆ ಬಂದು ನೋಡು ಅಂದ."

"ಅವನ ಮೋರಿ ನೋಡೋಕೆ ನಂಗೇನು ತಲೆ ಕೆಟ್ಟಿದೆಯಾ ಅಂತ ಕೇಳು."

ಅಮ್ಮ ಮೆಟ್ಟಿಲ ಮೇಲೇ ಕುಳಿತಳು. "ನಂಗೆ ಮಂಡಿ ನೋವು. ಜಗಳ ಆಡೋದಿದ್ರೆ ಇಬ್ರೂ ಒಂದೇ ಮಹಡೀಲಿ ಆಡಿ."

ಮಧ್ಯಾಹ್ನ ಅವನ ಹೆಂಡತಿ ಹಿಂಬಾಗಿಲಿನಿಂದ ಬಂದಳು. ತಿಂಗಳಿಗೊಮ್ಮೆ ಬರುತ್ತಾಳೆ. ಗಂಡನ ಕತ್ತರಿಯ ಮೇಲೆ ಅವಳಿಗೆ ನಂಬಿಕೆ ಇಲ್ಲ. ನನಗೆ ಅವಳ ಮೇಲೆ ಯಾವ ದ್ವೇಷವೂ ಇಲ್ಲ, ಕೂದಲೂ ಒಳ್ಳೆಯದು. ಅವಳು ಹೇಳಿದ ಸುದ್ದಿ ಮಾತ್ರ ಒಳ್ಳೆಯದಿರಲಿಲ್ಲ. ಮರ ಹೇಗೂ ಒಣಗುತ್ತಿದೆ, ಕಡಿಸಿಬಿಡುತ್ತಾನಂತೆ. ಆಮೇಲೆ ಅಂಗಳದ ನಡುವೆ ಗೇಟಿನವರೆಗೂ ಗೋಡೆ. ಅವನ ಅರ್ಧದಲ್ಲಿ ಗಿರಾಕಿಗಳ ಕಾರುಗಳು ನಿಲ್ಲುತ್ತವಂತೆ.

"ನೀವು ಏನಾದ್ರೂ ಹೇಳಬೇಕು ಅಕ್ಕಾ," ಎಂದಳು.

"ನಾನು ಅವನ ಜೊತೆ ಮಾತಾಡಲ್ಲ."

"ಅದೇ ಕಷ್ಟ," ಎಂದಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. ಹಿಂದಿನ ಕೂದಲು ಒಂದು ಎಳೆ ಜಾಸ್ತಿ ಹೋಯಿತು. ಅವಳಿಗೆ ಗೊತ್ತಾಗಲಿಲ್ಲ.

ಫೆಬ್ರವರಿ 24

ಇವತ್ತು ಗಿಡದ ಮೇಡಂ ಬಂದಿದ್ದರು. ಕಾಲೇಜಿನಲ್ಲಿ ಸಸ್ಯರೋಗದ ಪಾಠ ಹೇಳುವವರು, ನನ್ನ ಹಳೆಯ ಗಿರಾಕಿ. ಕುತ್ತಿಗೆಗೆ ಬಟ್ಟೆ ಕಟ್ಟಿ ಎಡಗಡೆ ಅರ್ಧ ಕತ್ತರಿಸಿದ್ದೆ. ಕನ್ನಡಿಯಲ್ಲಿ ಬೆನ್ನ ಹಿಂದಿನ ಅಂಗಳದ ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ಮರ ಕಾಣುತ್ತದೆ. "ಅಯ್ಯೋ!" ಎಂದು ಎದ್ದವರು ಬಟ್ಟೆ ಹಾರಿಸಿಕೊಂಡು ಅಂಗಳಕ್ಕೆ ಓಡಿದರು. ಕಿವಿ ಕತ್ತರಿಸಿದೆನೇನೋ ಎಂದು ನನ್ನ ಜೀವ ಬಾಯಿಗೆ ಬಂತು.

ಚೀಲದಿಂದ ಭೂತಗನ್ನಡಿ ತೆಗೆದು ಒಂದು ಸೂಜಿ ಎಲೆ ಹಿಡಿದು ತೋರಿಸಿದರು. "ನೋಡಿ, ಈ ಕೆಂಪು ಪಟ್ಟಿ. ನಡುವೆ ಕರಿ ಚುಕ್ಕೆ. ಇದು ಶಿಲೀಂಧ್ರ, ನಿಮ್ಮ ಭಾಷೇಲಿ ಬೂಷ್ಟು. ಈ ಚುಕ್ಕೆಯಿಂದ್ಲೇ ಕಣ ಸಿಡಿದು ಮೇಲಿನ ಕೊಂಬೆಗೆ ಏರುತ್ತೆ. ಎಲೆ ಒದ್ದೆ ಇದ್ದಷ್ಟೂ ಅದಕ್ಕೆ ಹಬ್ಬ. ಈ ಮರಕ್ಕೆ ಮೇಲಿಂದ ನೀರು ಹೊಡೆಯೋರು ಯಾರು?"

ದಿನಾ ಸಂಜೆ ಧೂಳು ಹೋಗಲಿ ಎಂದು ಪೈಪ್ ಹಿಡಿದು ಮರಕ್ಕೆ ತಲೆಸ್ನಾನ ಮಾಡಿಸುವವಳು ನಾನು. ಸೋಪಿನ ನೀರಲ್ಲ, ಶುದ್ಧ ನೀರು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಒಂದು ತಲೆ ಹೊರಗೆ ಬಂತು. ಆ ತಲೆ ನಗುತ್ತಿತ್ತು.

"ಮತ್ತೆ ಒದ್ದೆ ಟವೆಲ್‌ಗಳನ್ನ ಕೊಂಬೆ ಮೇಲೆ ಹರವಿರೋರು ಯಾರು? ಗಾಳಿ ಆಡೋದು ಬೇಡವಾ?"

ತಲೆ ಒಳಗೆ ಹೋಯಿತು. ಟವೆಲ್‌ಗಳು ಅವನವು.

ಮೇಡಂ ಬಟ್ಟೆ ಕಟ್ಟಿಕೊಂಡೇ ಪಾಠ ಹೇಳಿದರು. ಉದುರಿದ ಎಲೆ ಒಂದನ್ನೂ ಬಿಡದೆ ಗುಡಿಸಿ ಚೀಲ ಕಟ್ಟಬೇಕು. ಒಣ ಹವೆ ನೋಡಿ ರೋಗದ ಕೆಳಕೊಂಬೆಗಳನ್ನು ತೆಗೆಯಬೇಕು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಬೇಕು. ಹೊಸ ಚಿಗುರು ಏಳುವ ಹೊತ್ತಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು, ಕೆಲವು ವಾರ ಬಿಟ್ಟು ಮತ್ತೊಂದು ಸಲ. ನೀರು ಬೇಕಿದ್ದರೆ ಬುಡಕ್ಕೆ ಮಾತ್ರ.

"ಮೇಡಂ, ನನ್ನ ಅರ್ಧಕ್ಕೆ ಎಷ್ಟು ಮದ್ದು ಬೇಕಾಗುತ್ತೆ?" ಎಂದು ಕೇಳಿದೆ.

ಅವರು ಭೂತಗನ್ನಡಿಯನ್ನು ನನ್ನ ಕಡೆ ತಿರುಗಿಸಿದರು. "ಜ್ವರ ಬಂದ್ರೆ ನೀವು ಎಡಗಡೆಗೆ ಮಾತ್ರ ಮಾತ್ರೆ ತಗೋತೀರಾ?"

ಮೀಸೆ ಮಾಮ ಪೇಪರ್ ಹಿಂದೆ ಕೆಮ್ಮಿದರು.

"ಬದುಕುತ್ತಾ?" ಎಂದೆ.

"ನಾನು ಜ್ಯೋತಿಷಿ ಅಲ್ಲ. ಕಂದಿದ ಎಲೆ ಮತ್ತೆ ಹಸಿರಾಗಲ್ಲ. ಬರೋ ಚಿಗುರು ಉಳಿಸಿಕೊಂಡ್ರೆ ಮರ ಉಳಿಯುತ್ತೆ. ಬನ್ನಿ, ನನ್ನ ಬಲಗಡೆ ಇನ್ನೂ ಬಾಕಿ ಇದೆ."

ಫೆಬ್ರವರಿ 25

ಕೊಂಬೆಗಳ ಮೇಲಿನ ಟವೆಲ್‌ಗಳು ಮಾಯ. ನಾನೂ ಪೈಪ್ ಸುತ್ತಿ ಒಳಗಿಟ್ಟಿದ್ದೇನೆ. ಅವನು ಟವೆಲ್ ತೆಗೆದ ಎಂದು ನಾನು ಪೈಪ್ ಸುತ್ತಿದ್ದಲ್ಲ. ನಾನು ಸುತ್ತಿದ್ದನ್ನು ನೋಡಿ ಅವನು ತೆಗೆದದ್ದು.

ಮಾರ್ಚ್ 2

ಬಿಸಿಲು ಚೆನ್ನಾಗಿತ್ತು. ಅಂಗಡಿ ಮುಚ್ಚಿ ಕೊಂಬೆ ತೆಗೆಯಲು ನಿಂತೆ. ಪಾಲಿನಲ್ಲಿ ಉದ್ದ ಹಿಡಿಯ ಕೊಂಬೆಕತ್ತರಿ ನನಗೆ ಬಂದಿತ್ತು, ಏಣಿ ಅವನಿಗೆ ಹೋಗಿತ್ತು. ಅಪ್ಪನ ಸಾಮಾನು ಹಂಚಿದವರಿಗೆ ಮುಂದಾಲೋಚನೆ ಇರಲಿಲ್ಲ. ಹಂಚಿದವರು ನಾವೇ.

"ಒಂದು ಏಣಿ ಇದ್ದಿದ್ರೆ ಚೆನ್ನಾಗಿರ್ತಿತ್ತು," ಎಂದು ಮರಕ್ಕೆ ಹೇಳಿದೆ.

ಮರ ಏನೂ ಹೇಳಲಿಲ್ಲ. ಏಣಿ ಬಂತು.

"ಈ ಏಣಿಯ ಕಾಲು ಅಲುಗಾಡುತ್ತೆ. ಕೆಳಗೆ ಯಾರಾದ್ರೂ ಹಿಡ್ಕೊಳ್ಳದೇ ಇದ್ರೆ ಹತ್ತಿದೋರು ಬೀಳ್ತಾರೆ," ಎಂದು ಅವನೂ ಮರಕ್ಕೇ ಹೇಳಿದ.

"ಹಿಡ್ಕೊಳ್ಳೋರು ಗಟ್ಟಿಯಾಗಿ ಹಿಡ್ಕೋಬೇಕು, ಫೋನ್ ಬಂತು ಅಂತ ಬಿಟ್ಟು ಹೋಗಬಾರದು," ಎಂದು ಮರಕ್ಕೆ ತಿಳಿಸಿದೆ.

ಮೀಸೆ ಮಾಮ ಪೇಪರ್ ಮಡಿಸಿದರು. "ಪಾಪ, ಆ ಮರಕ್ಕೆ ರೋಗ ಸಾಲದು ಅಂತ ನಿಮ್ಮಿಬ್ರ ಮಾತು ಬೇರೆ ಕೇಳಬೇಕು!"

ಹತ್ತಿದೆ. ಒಂದು ಕೊಂಬೆ ಕತ್ತರಿಸಿ ಕತ್ತರಿ ಕೆಳಗೆ ಕೊಡುವುದು, ಅವನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ ಮೇಲೆ ಕೊಡುವುದು. ಹಿಡಿಯ ಕಡೆಯಿಂದ ತುದಿಯ ಕಡೆಗೆ, ಅಂಚಿಗೆ ಬೆರಳು ತಾಗದ ಹಾಗೆ ಒರೆಸುತ್ತಾನೆ. ನಾನು ಕಲಿಸಿದ್ದು ಹಾಗೇ. ಮರೆತಿಲ್ಲ ಎಂದಷ್ಟೇ ಬರೆದಿಡುತ್ತೇನೆ, ಹೊಗಳಿಕೆ ಅಲ್ಲ.

ಇಳಿದ ಮೇಲೆ ನೋಡಿದರೆ ಅವನ ಕಡೆಯ ಕೊಂಬೆಗಳನ್ನೂ ತೆಗೆದುಬಿಟ್ಟಿದ್ದೇನೆ! ಕೆಳಗೇ ನಿಂತಿದ್ದವನು ಒಂದು ಮಾತು ಹೇಳಬಹುದಿತ್ತು. ಪುಕ್ಕಟೆ ಕೆಲಸ ಮಾಡಿಸಿಕೊಂಡ. ಭಾರೀ ಕಿಲಾಡಿ.

ಗುಡಿಸುವಾಗ ಸೇಡು ತೀರಿಸಿಕೊಂಡೆ. ನನ್ನ ಕಡೆಯ ಕಸ ಅವನು ಗುಡಿಸುವವರೆಗೂ ಪೊರಕೆ ಮುಟ್ಟಲಿಲ್ಲ. ಅವನು ಎಲ್ಲಾ ಗುಡಿಸಿ, ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನನ್ನ ಬಾಗಿಲ ಮುಂದೆಯೂ ಗುಡಿಸಿದ.

ಮಾರ್ಚ್ 3

ಸೊಂಟ, ತೋಳು, ಕುತ್ತಿಗೆ. ಪಕ್ಕದಿಂದ ಅಮ್ಮನ ಕೈಯಲ್ಲಿ ನೋವಿನ ಮುಲಾಮು ಬಂತು. ವಾಪಸ್ ಕಳಿಸೋಣವೆಂದುಕೊಂಡೆ. ಕೈ ಎತ್ತಲಾಗಲಿಲ್ಲ.

ಮಾರ್ಚ್ 15

ಇವತ್ತಿನದನ್ನು ಸಮಾಧಾನವಾಗಿ ಬರೆಯಬೇಕು.

ತುದಿಗಳಲ್ಲಿ ಹೊಸ ಚಿಗುರು ಸಣ್ಣ ಮೇಣದ ಬತ್ತಿಗಳ ಹಾಗೆ ಎದ್ದು ನಿಂತಿದೆ. ಮದ್ದು ಹೊಡೆಯಲು ಇದೇ ಹೊತ್ತು ಎಂದು ಮೇಡಂ ಫೋನಿನಲ್ಲಿ ಹೇಳಿದ್ದರು. ಅವನ ಹೆಂಡತಿ ಎಲ್ಲಿಂದಲೋ ಬೆನ್ನಿಗೆ ಕಟ್ಟುವ ಸ್ಪ್ರೇ ಪಂಪ್ ತಂದಳು. ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೈಲುತುತ್ತ ಕರಗಿಸಿದೆವು, ಇನ್ನೊಂದರಲ್ಲಿ ಸುಣ್ಣ. ಎರಡನ್ನೂ ಮೂರನೆಯದಕ್ಕೆ ಸುರಿದಾಗ ಒಳ್ಳೆ ಆಕಾಶದ ಬಣ್ಣ ಬಂತು. ಅಮ್ಮ ಕೋಲು ಹಿಡಿದು ತಿರುವಿದಳು. ಮಂಡಿನೋವು ಎಲ್ಲಿ ಹೋಗಿತ್ತೋ.

ಸುಣ್ಣ ಸಾಕೋ ಇಲ್ಲವೋ ಎಂದು ತಿಳಿಯಲು ಉಕ್ಕಿನ ಅಲಗು ಅದ್ದಿ ನೋಡಬೇಕಂತೆ. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಕಡಿಮೆ, ಚಿಗುರು ಸುಡುತ್ತದೆ. ನಾನು ನನ್ನ ಕ್ಷೌರದ ಕತ್ತಿ ಅದ್ದಿದೆ. ಅವನು ತನ್ನದನ್ನು ಅದ್ದಿದ. ನನ್ನದು ಕೆಂಪಾಯಿತು, ಅವನದೂ ಕೆಂಪಾಯಿತು. ಇನ್ನಷ್ಟು ಸುಣ್ಣ ಹಾಕಿದ ಮೇಲೆ ಎರಡೂ ಬೆಳ್ಳಗೆ ಬಂದವು. ಎರಡು ಕತ್ತಿ ಯಾಕೆ ಬೇಕಿತ್ತು ಎಂದು ಅಮ್ಮ ಕೇಳಿದಳು. ಇಬ್ಬರೂ ಕತ್ತಿ ಒರೆಸಿ ಒಳಗಿಟ್ಟೆವು.

ಪಂಪ್ ಅವನ ಬೆನ್ನಿಗೆ, ಕೊಳವೆ ನನ್ನ ಕೈಯಲ್ಲಿ. ಅವನು ತಿರುಗಿದ ಕಡೆ ನಾನು ತಿರುಗಬೇಕು. ಗಾಳಿ ಇಲ್ಲದ ಹೊತ್ತು ನೋಡಿಯೇ ಶುರುಮಾಡಿದ್ದೆವು. ಮರದ ಅರ್ಧ ಸುತ್ತು ಮುಗಿದಿತ್ತು. ಆಗ ಅವನ ಅಂಗಡಿಯಿಂದ ಮುಖಕ್ಕೆಲ್ಲ ಬಿಳಿ ಕ್ರೀಮ್ ಮೆತ್ತಿಕೊಂಡ ಗಿರಾಕಿಯೊಬ್ಬ ಹೊರಗೆ ಬಂದು, "ಅಣ್ಣಾ, ಇದು ಒಣಗಿ ಬಿರುಕು ಬಿಡ್ತಿದೆ, ತೊಳೀತೀರಾ?" ಎಂದ. ಇವನು ಗಕ್ಕನೆ ತಿರುಗಿದ. ಕೊಳವೆ ನನ್ನ ಕೈಯಿಂದ ಕಿತ್ತು ಹಾರಿತು. ಅದೇ ಸಮಯಕ್ಕೆ ಇಲ್ಲದ ಗಾಳಿ ಎಲ್ಲಿಂದಲೋ ಬಂತು.

ಗಿರಾಕಿಗೆ ಏನೂ ಆಗಲಿಲ್ಲ, ಕ್ರೀಮ್ ಕಾಪಾಡಿತು. ಆದರೆ ಬೆಂಚಿನ ಕಡೆಯಿಂದ ಒಂದು ಕೂಗು ಕೇಳಿತು. ಮೀಸೆ ಮಾಮನ ಮೀಸೆ ಒಂದು ತುದಿಯಿಂದ ಇನ್ನೊಂದು ತುದಿವರೆಗೂ ನೀಲಿ.

ಎಳೆದು ಒಳಗೆ ತಂದು ಕಣ್ಣು, ಮುಖ ಚೆನ್ನಾಗಿ ತೊಳೆಸಿದೆವು. ಕಣ್ಣಿಗೆ ಏನೂ ಹೋಗಿರಲಿಲ್ಲ, ಪುಣ್ಯ. ಮೀಸೆಯ ನೀಲಿ ಮಾತ್ರ ಹೋಗಲೊಲ್ಲದು. ತುದಿ ಕತ್ತರಿಸಬೇಕು ಎಂದು ಇಬ್ಬರಿಗೂ ಗೊತ್ತಾಯಿತು. ಮಾಮನಿಗೂ ಗೊತ್ತಾಯಿತು.

"ಯಾರ ಹತ್ರ ಅಂತ ಹೇಳಲಿ!" ಎಂದು ಅಳುವ ದನಿಯಲ್ಲಿ ಹೇಳಿದರು. "ಅಕ್ಕನ ಹತ್ರ ಕೂತ್ರೆ ತಮ್ಮನಿಗೆ ಬೇಜಾರು, ತಮ್ಮನ ಹತ್ರ ಕೂತ್ರೆ ಅಕ್ಕನಿಗೆ. ಅದಕ್ಕೇ ಅಲ್ವಾ ನಾನು ಇಷ್ಟು ದಿನ ಬೆಂಚಿನ ಮೇಲೇ ಇದ್ದದ್ದು?"

ಕೊನೆಗೆ ಎಡಗಡೆ ನಾನು, ಬಲಗಡೆ ಅವನು ಎಂದಾಯಿತು. ಅವನು ಅಪ್ಪನ ಕುರ್ಚಿಯನ್ನು ಹೊತ್ತು ತಂದು ನನ್ನ ಕನ್ನಡಿಯ ಮುಂದಿಟ್ಟ. ಮಾಮ ಕಣ್ಣು ಮುಚ್ಚಿದರು. ಕತ್ತರಿಸಿ ನೋಡಿದರೆ ಬಲಗಡೆ ಸ್ವಲ್ಪ ಉದ್ದ. ಅವನು ಒಂಚೂರು ತೆಗೆದ, ಈಗ ಎಡಗಡೆ ಉದ್ದ. ನಾನು ಒಂಚೂರು ತೆಗೆದೆ. ಅವನು ಮತ್ತೆ. ನಾನು ಮತ್ತೆ. ಮೀಸೆ ಕಿವಿಯಿಂದ ಕೆನ್ನೆಗೆ ಬಂತು, ಕೆನ್ನೆಯಿಂದ ಬಾಯಿಯ ಅಂಚಿಗೆ ಬಂತು. ಅವನು ಮತ್ತೆ ಕತ್ತರಿ ಎತ್ತಿದಾಗ, "ಸಾಕು ನಿಲ್ಸೋ! ಮೂಗು ಒಂದೇ ಉಳಿಯುತ್ತೆ!" ಎಂದು ಕಿರುಚಿದೆ.

ಅವನು ನಿಲ್ಲಿಸಿದ. ಅಮ್ಮ ನನ್ನನ್ನು ನೋಡಿದಳು. ಅವನ ಹೆಂಡತಿಯೂ ನೋಡಿದಳು.

ಅದು ಮಾತಾಡಿದ್ದಲ್ಲ. ಕೆಲಸದ ನಡುವೆ ಕೊಟ್ಟ ಸೂಚನೆ. ಎರಡಕ್ಕೂ ವ್ಯತ್ಯಾಸ ಇದೆ.

ಮಾರ್ಚ್ 16

ಮೀಸೆ ಮಾಮ ಬೆಂಚಿಗೆ ಬರಲಿಲ್ಲ. ಮಧ್ಯಾಹ್ನದವರೆಗೂ ಬರಲಿಲ್ಲ. ಪಕ್ಕದವನೂ ನಾನೂ ಸರದಿಯಲ್ಲಿ ಬಾಗಿಲಿಗೆ ಬಂದು ಬೆಂಚು ನೋಡಿ ಹೋದೆವು. ಕೊನೆಗೆ ಅವರ ಹೆಂಡತಿ ಬಂದರು. ಜಗಳಕ್ಕೆ ಬಂದರೆಂದು ನಾನು ಒಳಗೆ ಸರಿದೆ, ಅವನು ಟವೆಲ್ ಹಿಂದೆ ನಿಂತ.

"ಇಷ್ಟು ವರ್ಷ ನಗ್ತಿದಾರೋ ಬೈತಿದಾರೋ ಗೊತ್ತೇ ಆಗ್ತಿರಲಿಲ್ಲ," ಎಂದರು ಆಕೆ. "ಈಗ ಗೊತ್ತಾಗುತ್ತೆ. ನಗ್ತಿದ್ರಂತೆ. ಹಿಂಗೇ ಇಟ್ಟುಬಿಡಿ, ಬೆಳೆಯೋಕೆ ಬಿಡಬೇಡಿ."

ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು ಹೋದರು. ಅರ್ಧ ಅವನಿಗೆ ಕಳಿಸಿದೆ. ಪಾಲು ಪಾಲೇ.

ಏಪ್ರಿಲ್ 6

ಮಳೆ. ನಿನ್ನೆಯೂ ಮಳೆ. ಎರಡನೆಯ ಸಲ ಮದ್ದು ಹೊಡೆಯಲಾಗಿಲ್ಲ. ಹಳೆಯ ಎಲೆ ರಾಶಿ ರಾಶಿ ಉದುರುತ್ತಿದೆ. ಅಂಗಳ ಕಂದು, ಮರ ಕಂದು. ಮೇಲಿನ ಕೊಂಬೆಯವರೆಗೂ ಹೋಗಿದೆಯೇನೋ. ಬರೆಯಲು ಮನಸ್ಸಿಲ್ಲ.

ಏಪ್ರಿಲ್ 7

ಮಳೆ. ತಮ್ಮನೂ ಬಾಗಿಲಲ್ಲೇ ನಿಂತು ಮೇಲೆ ನೋಡುತ್ತಿದ್ದ. ಕುರ್ಚಿಯಲ್ಲಿ ಗಿರಾಕಿ ಅರ್ಧ ಗಡ್ಡ ಇಟ್ಟುಕೊಂಡು ಕಾಯುತ್ತಿದ್ದ.

ಏಪ್ರಿಲ್ 10

ಬಿಸಿಲು ಬಂದು ಎಲೆ ಒಣಗಿತು. ಮತ್ತೆ ಹೊಡೆದೆವು. ಈ ಸಲ ಬೆಂಚು ಖಾಲಿ ಮಾಡಿಸಿ, ಎರಡೂ ಅಂಗಡಿಯ ಬಾಗಿಲು ಹಾಕಿ ಹೊಡೆದೆವು. ಕೊಳವೆ ನನ್ನ ಕೈಯಿಂದ ಜಾರಲಿಲ್ಲ. ಅವನು ತಿರುಗುವ ಮುಂಚೆ "ತಿರುಗ್ತೀನಿ" ಎಂದು ಹೇಳುತ್ತಾನೆ, ನಾನು "ಹೂಂ" ಎನ್ನುತ್ತೇನೆ. ಹೂಂ ಎನ್ನುವುದು ಮಾತಲ್ಲ.

ಏಪ್ರಿಲ್ 18

ಅಕ್ಷರ ಸೊಟ್ಟಗಾದರೆ ಆಗಲಿ, ಇವತ್ತೇ ಬರೆದುಬಿಡಬೇಕು.

ಬೆಳಿಗ್ಗೆ ಒಬ್ಬ ಗಿರಾಕಿಯ ಕ್ಷೌರ ಮಾಡುತ್ತಿದ್ದೆ. ಅಂಗಳದಲ್ಲಿ ಗಾಡಿ ನಿಂತ ಸದ್ದಾಯಿತು. ಒಬ್ಬ ದಪ್ಪ ಮನುಷ್ಯ ಹಗ್ಗ, ಗರಗಸ ಇಳಿಸಿ, ಮರದ ಸುತ್ತ ಒಂದು ಸುತ್ತು ಹಾಕಿ, ಬುಡಕ್ಕೆ ಕೈಯಿಂದ ತಟ್ಟಿದ. ಸಂತೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವ ಹಾಗೆ.

ಗಿರಾಕಿಯ ಮುಖದ ನೊರೆ ಹಾಗೇ ಬಿಟ್ಟು, ಕತ್ತಿ ಕೈಯಲ್ಲೇ ಹಿಡಿದು ಓಡಿದೆ. ನಾನು ತಲುಪುವ ಮುಂಚೆಯೇ ತಮ್ಮ ಅಲ್ಲಿದ್ದ. ಮರಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದ.

"ಯಾರ್ರೀ ನೀವು? ಮುಟ್ಟಿದ್ರೆ ಜೋಕೆ! ಇದಕ್ಕೆ ಮದ್ದು ನಡೀತಿದೆ!"

ಮನುಷ್ಯ ತಬ್ಬಿಬ್ಬಾದ. "ನೀವೇ ಕರೆದದ್ದಲ್ವಾ ಸಾರ್?"

"ನಾನಾ?"

"ಫೆಬ್ರವರೀಲಿ. ಒಣಗಿದೆ, ಬೇಗ ಬನ್ನಿ ಅಂದ್ರಿ. ಬೇರೆ ಕಡೆ ಕೆಲಸ ಇತ್ತು, ಈಗ ಬಿಡುವಾಯ್ತು."

ತಮ್ಮನ ಕೈಗಳು ನಿಧಾನಕ್ಕೆ ಇಳಿದವು. ನಾನು ಅವನನ್ನು ನೋಡಿದೆ. ಅವನು ನನ್ನ ಕೈಯ ಕತ್ತಿ ನೋಡಿದ. ಮರ ಕಡಿಯುವವನೂ ಅದನ್ನೇ ನೋಡಿದ.

"ಬೇಡ ಅನ್ನೋದು ಮರೆತುಬಿಟ್ಟೆ ಅಕ್ಕಾ," ಎಂದ. ಮರಕ್ಕಲ್ಲ, ನನಗೇ.

ಮರ ಕಡಿಯುವವನಿಗೆ ಚಹಾ ಕೊಟ್ಟು, ಗಡ್ಡ ಬೋಳಿಸಿ ಕಳಿಸಿದೆವು. ಖಾಲಿ ಕೈಯಲ್ಲಿ ಕಳಿಸಬಾರದು ಎಂದು. ನನ್ನ ಗಿರಾಕಿಯ ನೊರೆ ಅಷ್ಟರಲ್ಲಿ ಒಣಗಿಹೋಗಿತ್ತು, ಮತ್ತೆ ಹಚ್ಚಬೇಕಾಯಿತು. ಎಲ್ಲರೂ ಹೋದ ಮೇಲೆ ಬೆಂಚಿನ ಮೇಲೆ ಕುಳಿತೆ. ಅವನು ಇನ್ನೊಂದು ತುದಿಯಲ್ಲಿ ಕುಳಿತ.

"ಕಾರು ನಿಲ್ಸೋ ಜಾಗಕ್ಕೋಸ್ಕರ ಮರ ಕಡಿಸ್ತಿದ್ಯಾ?" ಎಂದು ಕೇಳಿದೆ.

"ಕಾರಲ್ಲಿ ಬರೋ ಗಿರಾಕಿ ನಂಗೆಲ್ಲಿ ಇದಾರೆ ಅಕ್ಕಾ? ಗೋಡೆ ಬೇಕಿತ್ತು."

"ಗೋಡೆ ಯಾಕೆ?"

ಅವನು ಬೆಂಚಿನ ಮೇಲೆ ಬಿದ್ದಿದ್ದ ಸೂಜಿ ಎಲೆಗಳನ್ನು ಒಂದೊಂದೇ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡ. "ದಿನಾ ಬೆಳಿಗ್ಗೆ ನೀನು ನನ್ನ ನೋಡಿ ಮುಖ ತಿರುಗಿಸ್ಕೊಂಡು ಬಾಗಿಲು ತೆಗೀತೀಯ. ಗೋಡೆ ಇದ್ರೆ ಅದು ಕಾಣಲ್ಲ ಅಂತ."

ಮಾತು ತೋಚದಿದ್ದಾಗ ನಾನು ಜಗಳವಾಡುತ್ತೇನೆ. "ಮತ್ತೆ ಆ ಬೋರ್ಡು ಯಾಕೋ ಹಾಕಿದೆ? ನುರಿತವರು ಮಾತ್ರ ಅಂತ?"

"ಯಾವ ಬೋರ್ಡು?"

ತೋರಿಸಿದೆ. ಅವನು ಎದ್ದು ಹೋಗಿ ತನ್ನ ಬಾಗಿಲ ಮೇಲಿನ ಬೋರ್ಡನ್ನು ಮೊದಲ ಸಲ ಓದಿದ. ತುಟಿ ಅಲ್ಲಾಡಿಸಿ ಓದಿದ.

"ಅಯ್ಯೋ! ಇದು ಪೇಂಟರ್ ಪುಕ್ಕಟೆ ಕೊಟ್ಟದ್ದು ಅಕ್ಕಾ. ಅಂಗಡಿ ಹೆಸರಿನ ಬೋರ್ಡ್ ಜೊತೆಗೆ ಒಂದು ಫ್ರೀ ಅಂದ. ಟೈಲರ್ ಅಂಗಡೀಲೂ ಇದೇ ಇದೆ. ಇದಕ್ಕೇನಾ ನೀನು..."

"ಹೂಂ," ಎಂದೆ.

"ಒಂದು ವರ್ಷ?"

ಟೈಲರ್ ಅಂಗಡಿಯ ಮುಂದೆ ದಿನಾ ಓಡಾಡುತ್ತೇನೆ. ಅಲ್ಲಿ ಆ ಬೋರ್ಡು ಓದಿ, ನಿಜ, ಬಟ್ಟೆಗೆ ನುರಿತವರೇ ಬೇಕು ಎಂದುಕೊಂಡಿದ್ದೂ ಇದೆ. ಇದನ್ನು ಅವನಿಗೆ ಹೇಳಲಿಲ್ಲ.

ಅವನು ನಗಲು ಶುರುಮಾಡಿದ. ನನಗೆ ನಗು ಬರಲಿಲ್ಲ. ಅವನು ನಗುವುದು ನೋಡಿ ಸ್ವಲ್ಪ ಬಂತು. ಅಮ್ಮ ಮೇಲಿನ ಕಿಟಕಿಯಿಂದ, "ಏನಾಯ್ತೋ, ಯಾರು ಬಿದ್ರು?" ಎಂದು ಕೂಗಿದಳು.

ಮೇ 21

ತುಂಬ ದಿನ ಬರೆದಿಲ್ಲ. ಬೈಯುವಂಥದ್ದು ಏನೂ ಇರಲಿಲ್ಲ. ಅಥವಾ ಎದುರಿಗೇ ಬೈದು ಮುಗಿಸಿರುತ್ತೇನೆ.

ಗಿಡದ ಮೇಡಂ ಬಂದು ಭೂತಗನ್ನಡಿಯಲ್ಲಿ ಹೊಸ ಎಲೆಗಳನ್ನು ಒಂದು ಸುತ್ತು ನೋಡಿದರು. ನಾವು ಐದೂ ಜನ, ಮಾಮನನ್ನೂ ಸೇರಿಸಿ, ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗೆ ಸಾಲಾಗಿ ನಿಂತಿದ್ದೆವು.

"ಪಟ್ಟಿ ಇಲ್ಲ, ಚುಕ್ಕೆ ಇಲ್ಲ. ಹೊಸ ಎಲೆ ಚೊಕ್ಕವಾಗಿದೆ."

"ಗುಣ ಆಯ್ತಾ?" ಎಂದು ತಮ್ಮ ಕೇಳಿದ.

"ಗುಣ ಅನ್ನೋ ಮಾತು ನಾನು ಆಡಲ್ಲ. ಬೂಷ್ಟು ಇಲ್ಲೇ ಎಲ್ಲೋ ಇರುತ್ತೆ, ಒದ್ದೆ ಸಿಕ್ಕಿದ್ರೆ ಮತ್ತೆ ಏಳುತ್ತೆ. ಬರೋ ವರ್ಷವೂ ಚಿಗುರಿನ ಹೊತ್ತಿಗೆ ಹೊಡೀರಿ. ಗುಡಿಸೋದು ಬಿಡಬೇಡಿ. ಗಾಳಿ ಆಡೋಕೆ ಜಾಗ ಇರಲಿ. ಮತ್ತೆ ಬುಡದ ಸುತ್ತ ಅಗೀಬೇಡಿ, ಬೇರಿಗೆ ಪೆಟ್ಟಾಗುತ್ತೆ. ಇಲ್ಲಿ ಏನೋ ಗೋಡೆ ಅಂತ ಕೇಳಿದ್ದೆ?"

"ಬೇರಿಗೆ ಪೆಟ್ಟಾಗುತ್ತೆ ಅಂದ್ಮೇಲೆ ಹೆಂಗೆ ಕಟ್ಟೋದು ಮೇಡಂ?" ಎಂದ ತಮ್ಮ ಗಂಭೀರವಾಗಿ. "ಮರದ ಮುಖ ನೋಡಿ ಬಿಟ್ಟಿದ್ದೀನಿ."

"ನಾನೂ ಮಾತು ಶುರು ಮಾಡಿದ್ದು ಮರದ ಮುಖ ನೋಡಿಯೇ," ಎಂದೆ.

ಮರ ಚೆನ್ನಾಗಿ ಕಾಣುತ್ತದೆ ಎಂದಲ್ಲ. ಸೊಂಟದವರೆಗೆ ಬೋಳು, ಮೇಲೆ ಮಾತ್ರ ಹಸಿರು. ಕೆಟ್ಟ ಕಟಿಂಗ್. ನನ್ನ ಕೈಯದೇ.

ಜೂನ್ 14

ಶಾಲೆಯ ಹೆಡ್‌ಮಾಸ್ಟರು ಗಡ್ಡ ಬೋಳಿಸಿಕೊಳ್ಳಲು ಬಂದವರು, ಶಾಲೆಯ ಮೈದಾನದಲ್ಲಿ ಪೈನ್ ಮರಗಳ ಒಂದು ಸಾಲೇ ಕಂದುತ್ತಿದೆ, ಬಂದು ನೋಡುತ್ತೀರಾ ಎಂದರು. ನಾನು ಡಾಕ್ಟರಲ್ಲ ಎಂದೆ. "ಡಾಕ್ಟರು ಬಂದು ನೋಡೋ ತನಕ ಗುಡಿಸೋದು ಹೆಂಗೆ ಅಂತಾದ್ರೂ ಹೇಳಿಕೊಡಿ," ಎಂದರು. ಮೇಡಂಗೆ ಫೋನ್ ಮಾಡಿದೆ. ಅವರು ಶನಿವಾರ ಬರುತ್ತಾರಂತೆ. ಅಲ್ಲಿಯವರೆಗೆ ಎಲೆ ಗುಡಿಸಿ, ಮೇಲಿಂದ ನೀರು ಹೊಡೆಯುವುದನ್ನು ನಿಲ್ಲಿಸಿ ಎಂದರು.

ಒಬ್ಬಳೇ ಹೋಗಿಬರುವವಳಿದ್ದೆ. ತಮ್ಮನಿಗೆ ಯಾರು ಹೇಳಿದರೋ, ಏಣಿ ಹೊತ್ತು ರಸ್ತೆಯಲ್ಲಿ ನಿಂತಿದ್ದ. ಗುಡಿಸುವುದಕ್ಕೆ ಏಣಿ ಯಾಕೆ ಎಂದು ಕೇಳಿದರೆ, "ಬೇಕಾದ್ರೆ?" ಎನ್ನುತ್ತಾನೆ. ಯಾವತ್ತೂ ಹೀಗೇ. ಚಿಕ್ಕಂದಿನಲ್ಲಿ ಪಕ್ಕದ ಬೀದಿಗೆ ಹೋಗಬೇಕಾದರೂ ಹಾಸಿಗೆ ಸುತ್ತಿಕೊಳ್ಳುತ್ತಿದ್ದ. ದಾರಿಯುದ್ದಕ್ಕೂ ಏಣಿಯ ತುದಿ ಎದುರು ಬರುವವರಿಗೆಲ್ಲ ತಗುಲುತ್ತಿತ್ತು, ಕ್ಷಮೆ ಕೇಳುವ ಕೆಲಸ ನನ್ನದು. ಅವನು ಶಿಳ್ಳೆ ಹಾಕುತ್ತಿದ್ದ, ಅದೂ ಅಪಸ್ವರದಲ್ಲಿ. ಸ್ಪಿರಿಟ್ ಬಾಟಲಿಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ನನ್ನ ಚೀಲವೆಲ್ಲ ಆಸ್ಪತ್ರೆಯ ವಾಸನೆ. ಇವನನ್ನು ಕಟ್ಟಿಕೊಂಡು ಯಾವ ಕೆಲಸವೂ ನೆಟ್ಟಗೆ ಆಗುವುದಿಲ್ಲ. ಮೇಡಂ ಶನಿವಾರ ಬಂದಾಗಲೂ ಇವನನ್ನೇ ಕರೆದುಕೊಂಡು ಹೋಗಬೇಕು, ಬೇರೆ ಯಾರಿಗೂ ಕತ್ತರಿ ಒರೆಸಲು ಬರುವುದಿಲ್ಲ.

ಶಾಲೆಯ ಗೇಟಿನಲ್ಲಿ ಕಾವಲುಗಾರ ತಡೆದ. ಏಣಿ ನೋಡಿದ, ಪೊರಕೆ ನೋಡಿದ, ಬಕೆಟ್ ನೋಡಿದ.

"ಯಾರು ನೀವು?"

"ಕಟಿಂಗ್ ಶಾಪಿನವರು," ಎಂದೆವು ಇಬ್ಬರೂ.

ಅವನಿಗೆ ಅರ್ಥವಾಗಲಿಲ್ಲ. ಕಟಿಂಗ್ ಶಾಪಿನವರಿಗೆ ಮರದ ಹತ್ತಿರ ಏನು ಕೆಲಸ ಎಂದು ಯೋಚಿಸುತ್ತಿದ್ದಿರಬೇಕು. ಕೊನೆಗೆ, "ಇಬ್ರೂ ಒಂದೇ ಅಂಗಡಿಯವರಾ?" ಎಂದು ಕೇಳಿದ.

ಅಲ್ಲ ಎನ್ನಲು ಬಾಯಿ ತೆರೆದೆ. ನಡುವೆ ಗೋಡೆ ಇದೆ, ಎರಡು ಬಾಗಿಲು ಇವೆ, ಎರಡು ಬೋರ್ಡು ಇವೆ ಎಂದು ವಿವರವಾಗಿ ಹೇಳಬೇಕಿತ್ತು. ಆದರೆ ಬಕೆಟ್ ಭಾರವಿತ್ತು, ತಮ್ಮ ಆಗಲೇ ಏಣಿ ಸಮೇತ ಒಳಗೆ ನುಗ್ಗಿದ್ದ. ಬರುವಾಗ ಸರಿಪಡಿಸಿದರಾಯಿತು ಎಂದು ತಲೆಯಾಡಿಸಿ ಒಳಗೆ ಹೋದೆ.

ಬರುವಾಗ ಕಾವಲುಗಾರ ಅಲ್ಲೇ ಇದ್ದ. ನಾನು ಮರೆತೆ.